ಗುರುವಾರ ಹನ್ನೊಂದಕ್ಕೆ ಸಾಯುವ ಪ್ರೋಗ್ರಾಮು

ಸಣ್ಣ ಮನುಷ್ಯನಿಗೆ ಏನಾದರೂ ಆದರೆ ಅದರ ಕಾರಣ ಊರಿಗೆಲ್ಲ ತಿಳಿಯುತ್ತದೆ. ದೊಡ್ಡ ಮನುಷ್ಯನಿಗೆ ಆದರೆ ಅವನ ಮನೆಯವರಿಗೂ ತಿಳಿಯುವುದಿಲ್ಲ. ನಮ್ಮ ಆಫೀಸಿನ ಶಿಪಾಯಿ ಒಂದು ದಿನ ಬಾರದಿದ್ದರೆ, ಅವನು ಹಿಂದಿನ ದಿನ ಮಂದ್ರೂಪದಲ್ಲಿ ಯಾರ ಮದುವೆಗೆ ಹೋಗಿದ್ದ, ಎಷ್ಟು ಜಿಲೇಬಿ ತಿಂದ, ಮೇಲೆ ಎಷ್ಟು ಮಜ್ಜಿಗೆ ಕುಡಿದ ಎಂಬುದೆಲ್ಲ ಮಧ್ಯಾಹ್ನದ ಡಬ್ಬಿ ಬಿಚ್ಚುವುದರೊಳಗೆ ನಮಗೆ ಗೊತ್ತಾಗಿರುತ್ತದೆ. ಮಾಲಕರು ಬಾರದಿದ್ದರೆ ಮಾತ್ರ 'ವೈಯಕ್ತಿಕ ಕಾರಣ'. ನಮ್ಮ ತಂದೆಯವರು ಸೊಲ್ಲಾಪುರದ ಒಂದು ಗಿರಣಿಯ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಕೆಲವು ದಿನ ಅವರು ಮನೆಗೆ ಬಂದವರೇ ಮಾತು ನಿಲ್ಲಿಸಿಬಿಡುತ್ತಿದ್ದರು. ಅವ್ವ ಚಹಾದ ಕಪ್ಪನ್ನು ಸದ್ದಾಗದ ಹಾಗೆ ಇಟ್ಟು ಒಳಗೆ ಬಂದು, "ಯಾರೂ ಏನೂ ಕೇಳಬ್ಯಾಡ್ರಿ, ತಾವ ಹೇಳ್ತಾರ" ಎನ್ನುತ್ತಿದ್ದಳು. ಅವರು ಹೇಳುತ್ತಿರಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ "ಶೇಂಗಾ ಚಟ್ನಿ ಇಲ್ಲೇನು?" ಎಂದು ಕೇಳಿದರೆಂದರೆ ಮುಗಿಯಿತು, ಗಾಡಿ ದಾರಿಗೆ ಬಂದಿದೆ ಎಂದು ತಿಳಿಯಬೇಕು. ಏನಾಗಿತ್ತು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ.

ಇದು ಮನುಷ್ಯರ ಸ್ವಭಾವ ಮಾತ್ರ ಎಂದುಕೊಂಡಿದ್ದೆ. ಕಂಪ್ಯೂಟರಿನದೂ ಇದೇ ಚಾಳಿ ಎಂದು ಈ ವರ್ಷ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ನನ್ನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಹೋಗುವ ಹಾಗಾಗಿತ್ತು.

ನಾನು ಸೊಲ್ಲಾಪುರದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮು ಬರೆಯುವವನು. ನಾವು ಇರುವುದೇ ನಾಲ್ಕು ಮಂದಿ. ಅದರಲ್ಲಿ ಒಬ್ಬರು ಮಾಲಕರು, ಒಬ್ಬ ಶಿಪಾಯಿ. ಇಲ್ಲಿಯ ಒಂದು ವ್ಯಾಪಾರಸ್ಥ ಮನೆತನದವರು ಅಕ್ಕಲಕೋಟೆಯಲ್ಲಿ ಯಾತ್ರಿಕರಿಗಾಗಿ ಒಂದು ನಿವಾಸ ಕಟ್ಟಿಸಿದ್ದಾರೆ. ಬಂದವರ ಹೆಸರು ಬರೆದುಕೊಂಡು, ಖೋಲಿ ಹಂಚಿ, ಚೀಟಿ ಮುದ್ರಿಸಿಕೊಡುವ ಪ್ರೋಗ್ರಾಮು ನಾನು ಬರೆದದ್ದು. ಐದು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು. ಆಮೇಲೆ ಒಮ್ಮಿಂದೊಮ್ಮೆಲೆ ಅದಕ್ಕೆ ಗುರುವಾರ ಸಾಯುವ ರೋಗ ಹತ್ತಿತು. ವಾರದಲ್ಲಿ ಆರು ದಿನ ಗಟ್ಟಿಮುಟ್ಟಾಗಿ ಇರುವುದು. ಗುರುವಾರ ಬೆಳಿಗ್ಗೆ ಹನ್ನೊಂದು ಹೊಡೆಯಿತೋ ಇಲ್ಲವೋ, ಪರದೆ ಕಪ್ಪಾಗುವುದು. ಗುರುವಾರವೆಂದರೆ ಅಲ್ಲಿ ಸಮಾಧಿಯಾದ ಮಹಾರಾಜರ ವಾರ, ಅಕ್ಕಲಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೀಲ ಹೊತ್ತ ಯಾತ್ರಿಕರ ಸಾಲು ಅಂಗಳ ದಾಟಿ ರಸ್ತೆಗೆ ಬಂದಿರುತ್ತದೆ. ಆ ಸಾಲಿನ ಮುಂದೆ ನನ್ನ ಪ್ರೋಗ್ರಾಮು ಸತ್ತು ಬೀಳುವುದು.

ಹನ್ನೊಂದೂ ಐದಕ್ಕೆ ನನ್ನ ಫೋನು ಬಡಿದುಕೊಳ್ಳುವುದು. ನಿವಾಸದ ಮ್ಯಾನೇಜರ್ ಬಿರಾಜದಾರರು. "ಸಾಹೇಬ್ರ, ಗೇಲಂ! ಹೋತು ನಿಮ್ಮ ಮಷಿನ್." ಕಂಪ್ಯೂಟರು, ಪ್ರಿಂಟರು, ಪ್ರೋಗ್ರಾಮು ಎಲ್ಲವೂ ಅವರಿಗೆ ಮಷಿನ್ನೇ, ಎಲ್ಲವೂ ಚೆನ್ನಾಗಿ ನಡೆದಾಗ 'ನಮ್ಮ ಮಷಿನ್', ಕೆಟ್ಟಾಗ 'ನಿಮ್ಮ ಮಷಿನ್'. ನಾನು ನಮ್ಮ ಉದ್ಯೋಗದ ಏಕೈಕ ಮಂತ್ರವನ್ನು ಹೇಳುವೆನು: "ಬಂದ್ ಮಾಡಿ ಚಾಲೂ ಮಾಡ್ರಿ." ಹತ್ತು ನಿಮಿಷಕ್ಕೆ ಮತ್ತೆ ಏಳುವುದು, ಮುಂದಿನ ಗುರುವಾರದ ತನಕ ಕೆಮ್ಮುವುದೂ ಇಲ್ಲ. ಗುರುವಾರ ನೀವು ಬೇರೆ ಏನು ಮಾಡುತ್ತೀರಿ ಎಂದು ಅಲ್ಲಿಯವರನ್ನೆಲ್ಲ ಕೇಳಿದೆ. ಎಲ್ಲರದೂ ಒಂದೇ ಉತ್ತರ: "ಏನಿಲ್ಲರಿ, ಗರ್ದಿ ಅಷ್ಟ." ಹಾಗಾದರೆ ಜನಜಂಗುಳಿಯದೇ ತಪ್ಪು ಎಂದು ಕಂಪ್ಯೂಟರಿಗೆ ಮೆಮರಿ ಹೆಚ್ಚಿಸಿದೆ. ಸತ್ತಿತು. ಹನ್ನೊಂದಕ್ಕೆ ಅಡಿಗೆಮನೆಯ ಗ್ರೈಂಡರು ಶುರುವಾಗುತ್ತದೆ, ಕರೆಂಟು ಜಗ್ಗುತ್ತಿರಬೇಕು ಎಂದು ಹೊಸ ಯುಪಿಎಸ್ ಹಾಕಿಸಿದೆ. ಬೆಳಕು ಮಿಣುಕಲಿಲ್ಲ, ಪ್ರೋಗ್ರಾಮು ಮಾತ್ರ ಸತ್ತಿತು. ಸೊಲ್ಲಾಪುರದ ಆಫೀಸಿನಲ್ಲಿ ಅದೇ ಪ್ರೋಗ್ರಾಮನ್ನು ಗುರುವಾರ ಇಡೀ ದಿನ ಓಡಿಸಿ ಎದುರಿಗೆ ಕೂತೆ. ನನ್ನ ಮರ್ಯಾದೆ ತೆಗೆಯಲೆಂದೇ ಅದು ಸಂಜೆಯ ತನಕ ನಗುನಗುತ್ತ ಓಡಿತು.

ಇಷ್ಟೇ ಆಗಿದ್ದರೆ ನಾನು ಇನ್ನೊಂದು ವರ್ಷ ಮಂತ್ರ ಹೇಳಿಕೊಂಡೇ ಕಳೆಯುತ್ತಿದ್ದೆನೇನೋ. ಆದರೆ ಕೌಂಟರಿನಲ್ಲಿ ಮಂಗಲಾ ಮಾವಶಿ ಇದ್ದರು. ಐವತ್ತು ದಾಟಿದ ಹೆಂಗಸು, ಅಲ್ಲಿ ಎಲ್ಲರಿಗೂ ಮಾವಶಿ, ಎಂದರೆ ಚಿಕ್ಕಮ್ಮ; ಕುಂಭಾರಿಯವರು, ದಿನಾ ಎಸ್‌ಟಿ ಬಸ್ಸಿನಲ್ಲಿ ಬಂದು ಹೋಗುವವರು. ಹದಿನೆಂಟು ವರ್ಷ ಅದೇ ನಿವಾಸದ ನೆಲಮಾಳಿಗೆಯಲ್ಲಿ ಗಾದಿ, ಚಾದರ, ದಿಂಬು ಎಣಿಸಿ ಕೊಡುವ ಕೆಲಸ ಮಾಡಿದ್ದರು. ಕಿಟಕಿಯಿಲ್ಲದ ಖೋಲಿ, ಹತ್ತಿಯ ಧೂಳು. ಕೆಮ್ಮು ಅವರ ಎದೆಯಲ್ಲಿ ಮನೆ ಮಾಡಿತ್ತು. ಹೋದ ವರ್ಷ ಹಟ ಹಿಡಿದು ಎರಡೇ ಬೆರಳಿನಲ್ಲಿ ಟೈಪು ಕಲಿತು ಮೇಲೆ ಬಂದಿದ್ದರು. ಬಿರಾಜದಾರರಿಗೆ ಪ್ರೋಗ್ರಾಮು ಸಾಯುವುದಕ್ಕೆ ಕಾರಣ ಹುಡುಕಬೇಕಿರಲಿಲ್ಲ, ಎದುರಿಗೇ ಕೂತಿತ್ತು. "ಮಾವಶಿ ಏನೇನರ ಒತ್ತತಾಳರಿ. ವರ್ಷಾತು, ಅದಕ್ಕೂ ಬ್ಯಾಸರ ಬಂದದ. ಮ್ಯಾಲಿನವರು ಹೇಳ್ಯಾರ, ಇನ್ನ ಮೂರು ಗುರುವಾರ ನೋಡೋದು. ಕಾರಣ ಸಿಗಲಿಲ್ಲಂದ್ರ ಆಕಿ ಮತ್ತ ಕೆಳಗ." ಇದನ್ನು ಅವರು ಗುಟ್ಟಾಗಿ ಹೇಳಲಿಲ್ಲ; ಮಾವಶಿ ಎರಡು ಮಾರು ದೂರದಲ್ಲಿ ಕೂತು ಕೇಳುತ್ತಿದ್ದರು.

ನಾನು ಹೊರಡುವಾಗ ಮಾವಶಿ ಗೇಟಿನ ತನಕ ಬಂದರು. "ಸಾಹೇಬ್ರ, ನಾ ಏನು ತಪ್ಪ ಮಾಡಾಕತ್ತೀನಿ ಅಷ್ಟ ತೋರಸ್ರಿ, ತಿದ್ದಕೋತೀನಿ. ಆ ಕೆಳಗಿನ ಖೋಲ್ಯಾಗ ಮತ್ತ ಕುಂಡ್ರಾಕ ಆಗೂದಿಲ್ಲರಿ ನನ್ನ ಕಡಿಂದ. ಉಸರು ಕಟ್ಟತೈತಿ."

"ಏನೂ ಚಿಂತಿ ಮಾಡಬ್ಯಾಡ್ರಿ ಮಾವಶಿ, ನಾ ಇದ್ದೀನಲ್ಲ" ಎಂದೆ. ಇದು ಬಾಯಿ ತಪ್ಪಿ ಬಂದ ಮಾತು. ಸ್ಕೂಟರಿನ ಮೇಲೆ ಕುಂಭಾರಿ ದಾಟುವ ಹೊತ್ತಿಗೆ ಅದನ್ನು ಯಾಕಾದರೂ ಆಡಿದೆನೋ ಎನಿಸತೊಡಗಿತ್ತು.

ಇಲ್ಲಿ ಸ್ವಲ್ಪ ನಮ್ಮ ವಿದ್ಯೆಯ ಮಾತು ಬರುತ್ತದೆ, ಸಹಿಸಿಕೊಳ್ಳಿ. ಓಡುತ್ತಿರುವ ಪ್ರೋಗ್ರಾಮು ಧಡಕ್ಕನೆ ಸತ್ತರೆ, ಆ ಗಳಿಗೆಯಲ್ಲಿ ಅದರ ನೆನಪಿನಲ್ಲಿ ಏನೇನಿತ್ತೋ ಅಷ್ಟನ್ನೂ ಕಂಪ್ಯೂಟರು ಒಂದು ಫೈಲಿನಲ್ಲಿ ತೆಗೆದಿಡುತ್ತದೆ. ಕ್ರ್ಯಾಶ್ ಡಂಪ್ ಎನ್ನುತ್ತಾರೆ. ಪೊಲೀಸರ ಪಂಚನಾಮೆ ಇದ್ದ ಹಾಗೆ: ಯಾವ ಸಾಲಿನಲ್ಲಿ ಬಿತ್ತು, ಕೈಯಲ್ಲಿ ಏನು ಹಿಡಿದಿತ್ತು, ಎಲ್ಲ ಬರೆದಿರುತ್ತದೆ. ಅದು ಸಿಕ್ಕರೆ ಅರ್ಧ ದಿನದ ಕೆಲಸ. ಆದರೆ ಸತ್ತ ಪ್ರೋಗ್ರಾಮು ವಿಶೇಷ ಅಧಿಕಾರದ್ದಾಗಿದ್ದರೆ ಕಂಪ್ಯೂಟರು ಪಂಚನಾಮೆಯನ್ನೇ ಮಾಡುವುದಿಲ್ಲ. ಅಂಥದರ ಹೊಟ್ಟೆಯಲ್ಲಿ ಯಾರ್‍ಯಾರ ಗುಟ್ಟು ಇರುತ್ತದೋ, ಯಾವನಾದರೂ ಬೇಕೆಂತಲೇ ಅದನ್ನು ಕೆಡವಿ ಗುಟ್ಟು ಓದಿದರೆ ಹೇಗೆ ಎಂದು. ನ್ಯಾಯವಾದ ಮಾತೇ. ಗೊತ್ತಿದ್ದೂ ನನಗೆ ಸಿಟ್ಟು ಬಂತು. ನನ್ನ ಪ್ರೋಗ್ರಾಮು, ನಾನು ಬರೆದದ್ದು, ಅದು ಯಾಕೆ ಸತ್ತಿತೆಂದು ನನಗೇ ಹೇಳುವುದಿಲ್ಲವಂತೆ!

ಯಾತ್ರಿಕರ ಹೆಸರು ಬರೆದುಕೊಳ್ಳುವ ಬಡ ಪ್ರೋಗ್ರಾಮಿಗೆ ವಿಶೇಷ ಅಧಿಕಾರ ಯಾಕೆ ಬಂತು ಎಂದು ನೀವು ಕೇಳಬಹುದು. ಕೇಳಬಾರದೆಂದು ನನ್ನ ಆಸೆ. ಆರು ವರ್ಷದ ಹಿಂದೆ ಅದನ್ನು ಅಲ್ಲಿ ಕೂಡಿಸಲು ಹೋದ ದಿನ, ಅದು ಪ್ರಿಂಟರನ್ನು ಮುಟ್ಟಲು ಹೋದರೆ ಕಂಪ್ಯೂಟರು ಬಿಡಲಿಲ್ಲ. ಪ್ರಿಂಟರು ಮುಟ್ಟುವಷ್ಟೇ ಪರವಾನಗಿ ಕೊಟ್ಟರೆ ಸಾಕಿತ್ತು. ಅದಕ್ಕೆ ಒಂದು ತಾಸು ಕೂತು ಓದಬೇಕಿತ್ತು. ಅವತ್ತು ನಮ್ಮ ಮನೆಯಲ್ಲಿ ಹೋಳಿಗೆ. ಒಂದೇ ಸಾಲು ಬರೆದು ಅದಕ್ಕೆ ಕಂಪ್ಯೂಟರಿನ ಸಕಲ ಅಧಿಕಾರವನ್ನೂ ಕೊಟ್ಟು ಗಾಡಿ ಹತ್ತಿದ್ದೆ. ಈ ಸಂಗತಿ ಈವರೆಗೆ ಯಾರಿಗೂ ಗೊತ್ತಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಡಂಪ್ ಇಡದಿರುವುದು ಕಂಪ್ಯೂಟರಿನ ವಾಡಿಕೆಯೇ ಹೊರತು ವ್ರತವಲ್ಲ. ಬೇಕೆಂದರೆ ಬದಲಿಸಬಹುದು. ಯಾರು ಬೇಕಾದರೂ ಓದುವಂತೆ ಇಡಿಸಬಹುದು, ಅದು ಅಪಾಯ. ಅಥವಾ ಕಂಪ್ಯೂಟರಿನ ಯಜಮಾನ ಒಬ್ಬನೇ ಓದುವಂತೆ ಕೀಲಿ ಹಾಕಿ ಇಡಿಸಬಹುದು, ಅದು ಶಹಾಣೆತನ. ನಾನು ಶಹಾಣೆಯಾಗಿ ಬುಧವಾರವೇ ಹೋಗಿ ಹಾಗೆ ಮಾಡಿ ಬಂದೆ. ಮೊದಲನೆಯ ಗುರುವಾರ ಹನ್ನೊಂದಕ್ಕೆ ಬಿರಾಜದಾರರ ಫೋನು ಬಂದಾಗ, ದೇವರಾಣೆ, ನನಗೆ ಸಂತೋಷವಾಯಿತು. "ಸತ್ತದೇನ್ರಿ? ಬೇಶಾತು ಬಿಡ್ರಿ!" ಎಂದೆ. ಆಚೆ ಕಡೆ ಅವರು ಫೋನು ಇಟ್ಟುಬಿಟ್ಟರು. ಹೋಗಿ ನೋಡಿದರೆ ಡಂಪ್ ಇಲ್ಲ! ಕೀಲಿ ಹಾಕಿ ಇಡುವುದಾದರೆ ಎಲ್ಲಿ ಇಡಬೇಕೆಂದು ಜಾಗದ ಪೂರ್ತಿ ವಿಳಾಸ ಕೊಡಬೇಕು, ಇಲ್ಲದಿದ್ದರೆ ಅದು ಇಡುವುದೇ ಇಲ್ಲ. ನಾನು ಫೈಲಿನ ಹೆಸರಷ್ಟೇ ಕೊಟ್ಟಿದ್ದೆ, ವಿಳಾಸ ಕೊಟ್ಟಿರಲಿಲ್ಲ.

ವಿಳಾಸ ಬರೆದು ಬಂದೆ. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತವನು ಎದ್ದು ಹೋಗಿ ಕೋಡ್ ನೋಡುವೆನು, ಕೋಡ್ ನೋಡುತ್ತ ಕೂತವನು ಎದ್ದು ಬಂದು ತಣ್ಣಗಾದ ಭಾಕರಿ ಮುರಿಯುವೆನು. ನಾನು ಬರೆದ ಕೋಡನ್ನು ನಾನೇ ಮೂರು ಸಲ ಓದಿದೆ. ಹೆತ್ತವರಿಗೆ ಮಗನ ತಪ್ಪು ಕಾಣುತ್ತದೆಯೇ? ಒಂದೂ ಕಾಣಲಿಲ್ಲ. ಹೆಂಡತಿ ಸುಧಾ ಎರಡು ದಿನ ನೋಡಿದಳು, ಮೂರನೆಯ ದಿನ ತಡೆಯಲಿಲ್ಲ. "ಏನ್ರಿ ಇದು, ಕೂತಲ್ಲೆ ಕೂಡೂದಿಲ್ಲ, ನಿಂತಲ್ಲೆ ನಿಂದ್ರೂದಿಲ್ಲ. ಯಾರರ ಹೆರಿಗಿ ಅದನೇನು ದವಾಖಾನ್ಯಾಗ?" ಎಂದಳು. ಮಾವಶಿಯ ಸಂಗತಿ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಿಮ್ಮ ಪ್ರೋಗ್ರಾಮ್ ಸತ್ತರ ಆಕಿ ಯಾಕ ಕೆಳಗ ಹೋಗಬೇಕು? ನೀವು ಹೋಗ್ರಿ." ಹೆಂಡತಿಯ ಹತ್ತಿರ ಏನನ್ನೂ ಹೇಳಬಾರದೆಂದು ನಾನು ಎಷ್ಟು ಸಲ ನಿಶ್ಚಯ ಮಾಡಿದ್ದೇನೋ.

ಎರಡನೆಯ ಗುರುವಾರ ಆಫೀಸಿಗೆ ರಜೆ ಹಾಕಿ ಅಲ್ಲಿಯೇ ಹೋಗಿ ಕೂತೆ. ಹನ್ನೊಂದು ಹೊಡೆಯಿತು, ಪರದೆ ಕಪ್ಪಾಯಿತು, ಸಾಲಿನಲ್ಲಿದ್ದವರು ಹೋ ಎಂದರು. ನಾನು ಓಡಿ ಹೋಗಿ ನೋಡಿದರೆ ಡಂಪ್ ಇಲ್ಲ. ವಿಳಾಸವೂ ಇಲ್ಲ, ನಾನು ಮಾಡಿದ ಬದಲಾವಣೆಯೂ ಇಲ್ಲ, ಎಲ್ಲ ಮೊದಲಿನ ಹಾಗೆ ಕೂತಿದೆ. ಯಾರು ಬಂದ್ ಮಾಡಿದ್ದರು ಈ ಕಂಪ್ಯೂಟರನ್ನು ಎಂದು ಕೂಗಿದೆ. "ನಾನ ಮಾಡಿದ್ದೆ" ಎಂದರು ಬಿರಾಜದಾರರು, ಹೆಮ್ಮೆಯಿಂದ. "ದಿನಾ ಮನಿಗಿ ಹೋಗೂಮುಂದ ಮೇನ್ ಸ್ವಿಚ್ ಬಂದ್ ಮಾಡೇ ಹೋಗ್ತೀನ್ರಿ. ನಾವು ನೀವು ಮಲಗ್ತೀವಿ, ಮಷಿನಿಗಿ ಆರಾಮ ಬ್ಯಾಡೇನು?" ಕಂಪ್ಯೂಟರು ಮಲಗಿ ಎದ್ದರೆ ಕಿವಿಯಲ್ಲಿ ಹೇಳಿದ್ದೆಲ್ಲ ಮರೆಯುತ್ತದೆ, ಮರೆಯಬಾರದೆಂದರೆ ಒಂದು ಫೈಲಿನಲ್ಲಿ ಬರೆದಿಡಬೇಕು. ಇದು ನಮ್ಮ ವಿದ್ಯೆಯ ಮೊದಲನೆಯ ಪಾಠ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನೇ ಹೇಳಿಕೊಡುತ್ತೇನೆ. ಹಿಂದಿನ ವಾರವೂ ಅದು ಹೀಗೇ ಮರೆತಿದ್ದಿರಬೇಕು, ನಾನು ವಿಳಾಸದ ತಪ್ಪನ್ನಷ್ಟೇ ನೋಡಿದ್ದೆ.

ಮಾವಶಿ ಕೈಬರಹದಲ್ಲಿ ಚೀಟಿ ಬರೆಯುತ್ತ, "ಇನ್ನ ಒಂದ ಉಳದೈತಲ್ರಿ?" ಎಂದರು. ಗುರುವಾರದ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಾಲಿನ ಮುಂದೆ ನಿಂತ ಒಬ್ಬ ಮುದುಕಿ ಅವರ ಕೆಮ್ಮು ಕೇಳಿ ತನ್ನ ಚೀಲದಿಂದ ಜ್ಯೇಷ್ಠಮಧು ತೆಗೆದು ಕೊಟ್ಟಳು. ನಾನು ನೋಡಲಾಗದೆ ಹೊರಗೆ ಹೋಗಿ ನಿಂತೆ.

ಮೂರನೆಯ ಗುರುವಾರಕ್ಕೆ ಎಲ್ಲವನ್ನೂ ಫೈಲಿನಲ್ಲಿ ಬರೆದು, ಕಂಪ್ಯೂಟರನ್ನು ನಾನೇ ಮೂರು ಸಲ ಮಲಗಿಸಿ ಎಬ್ಬಿಸಿ, ನೆನಪು ಉಳಿದಿದೆ ಎಂದು ಖಾತ್ರಿ ಮಾಡಿಕೊಂಡೆ. ಹನ್ನೊಂದಕ್ಕೆ ಅದು ಮಾತಿಗೆ ತಪ್ಪದೆ ಸತ್ತಿತು. ಕೊಟ್ಟ ವಿಳಾಸದಲ್ಲಿ ಡಂಪ್ ಬಂದು ಕೂತಿತ್ತು! ಬಿರಾಜದಾರರು ಹೆಗಲ ಮೇಲಿನಿಂದ ಬಗ್ಗಿ, "ಸಿಕ್ತೇನ್ರಿ? ಹಂಗಾರ ನಂಗೂ ವಾಟ್ಸಾಪಿಗೆ ಒಗೀರಿ, ಮ್ಯಾಲಿನವರ ಗ್ರೂಪಿಗೆ ಹಾಕ್ತೀನಿ" ಎಂದರು. ಅವತ್ತು ಇಳಿದುಕೊಂಡ ಅಷ್ಟೂ ಯಾತ್ರಿಕರ ಹೆಸರು, ಫೋನು, ಆಧಾರ ಸಂಖ್ಯೆ ಅದರೊಳಗೆ ಇತ್ತು. ಗ್ರೂಪಿಗೆ ಹಾಕುವುದಿರಲಿ, ನಾನು ಸೊಲ್ಲಾಪುರಕ್ಕೆ ಒಯ್ಯುವಂತೆಯೂ ಇರಲಿಲ್ಲ. ಕಂಪ್ಯೂಟರು ಇಷ್ಟು ದಿನ ಯಾಕೆ ಕೊಡಲಿಲ್ಲವೆಂದು ಆಗ ನನಗೆ ತಿಳಿಯಿತು, ಸಿಟ್ಟೂ ಇಳಿಯಿತು. ಅಲ್ಲೇ ಕೌಂಟರಿನ ಹಿಂದೆ ಸ್ಟೂಲು ಹಾಕಿಕೊಂಡು ಓದಿದೆ.

ಓದಲು ಹತ್ತು ನಿಮಿಷ ಸಾಕಾಯಿತು. ದಿನಾ ಹನ್ನೊಂದಕ್ಕೆ ಪ್ರೋಗ್ರಾಮು ತಾನಾಗಿಯೇ ಒಂದು ಯಾದಿ ತಯಾರಿಸುತ್ತದೆ. ಪ್ರತಿ ಖೋಲಿಯಲ್ಲಿರುವ ಗಾದಿಗಳನ್ನು ಅಲ್ಲಿಯ ಮಂದಿಗೆ ಭಾಗಿಸಿ, ಎಲ್ಲಿಗೆ ಎಷ್ಟು ಗಾದಿ ಚಾದರ ಹೆಚ್ಚಿಗೆ ಕಳಿಸಬೇಕೆಂದು ಕೆಳಗಿನ ಸ್ಟೋರಿಗೆ ಹೇಳುತ್ತದೆ. ಹೋದ ವರ್ಷ ಮಾವಶಿ ಮೇಲೆ ಬಂದ ಹೊಸತರಲ್ಲಿ, ಕೆಳಗೆ ಇರುವವರು ನೂರು ಸಲ ಮೆಟ್ಟಿಲು ಹತ್ತಿಳಿಯುವುದು ತಪ್ಪಲಿ ಎಂದು ಅವರೇ ಕೇಳಿ ಮಾಡಿಸಿಕೊಂಡದ್ದು. ಆರು ದಿನ ಅದೇ ಯಾದಿ ಸರಿಯಾಗಿ ಬರುತ್ತಿದ್ದುದರಿಂದ ಅದರ ಮೇಲೆ ನನಗೆ ಸಂಶಯವೇ ಬಂದಿರಲಿಲ್ಲ. ಪ್ರೋಗ್ರಾಮು ಸತ್ತ ಗಳಿಗೆಯಲ್ಲಿ ಅದರ ಕೈಯಲ್ಲಿ ಇದ್ದದ್ದು ಅವತ್ತಿನ ಮೊದಲನೆಯ ಚೀಟಿ: ಖೋಲಿ ಒಂದು, ಗಾದಿ ನಾಲ್ಕು, ಮಂದಿ ಸೊನ್ನೆ. ನಾಲ್ಕನ್ನು ಸೊನ್ನೆಯಿಂದ ಭಾಗಿಸು ಎಂದರೆ ಯಾವ ಕಂಪ್ಯೂಟರಾದರೂ ಪ್ರಾಣ ಬಿಡುತ್ತದೆ. ಹೆಸರಿನ ಜಾಗದಲ್ಲಿ 'ಮಹಾರಾಜ' ಎಂದಿತ್ತು. ಊರಿನ ಜಾಗದಲ್ಲಿ 'ಎಲ್ಲಾ ಕಡೆ'.

"ಮಾವಶಿ, ಇದೇನ್ರಿ?" ಎಂದೆ.

"ಅದಾ? ಗುರುವಾರ ಮೊದಲನೇ ಚೀಟಿ ಮಹಾರಾಜರದಲ್ರಿ. ಹಿಂದ ಕೈಲೆ ಬರೆಯೂಮುಂದೂ ಹಂಗ ಇತ್ತು. ಚೀಟಿ ತಗದು ಫೋಟೋದ ಮುಂದ ಇಡ್ತೀವಿ, ಆಮ್ಯಾಲ ಮಂದಿ." ಮಾವಶಿ ಗೋಡೆಯ ಕಡೆ ಕೈ ಮಾಡಿದರು. ಫೋಟೋದ ಕೆಳಗೆ ನನ್ನ ಪ್ರೋಗ್ರಾಮೇ ಮುದ್ರಿಸಿದ ಚೀಟಿ ಹೂವಿನ ಅಡಿಗೆ ಇತ್ತು. ಮೂರು ವಾರದಿಂದ ನಾನು ಅದಕ್ಕೆ ಕೈ ಮುಗಿದೇ ಒಳಗೆ ಬರುತ್ತಿದ್ದೆ.

"ಗುರುವಾರ ಬೇರೆ ಏನು ಮಾಡತೀರಿ ಅಂತ ಎಷ್ಟು ಸಲ ಕೇಳಿದೆನಲ್ರಿ!"

"ಇದೇನು ಬ್ಯಾರೆ ಅಲ್ಲಲ್ರಿ, ಸೇವಾ" ಎಂದರು. "ನೀವು ಕೆಲಸಾ ಕೇಳಿದ್ರಿ."

"ಹೋಗಲಿ, ಮಂದಿ ಸೊನ್ನೆ ಯಾಕ ಹಾಕಿದ್ರಿ? ಒಂದು ಹಾಕಬೇಕಿಲ್ಲೋ?"

ಮಾವಶಿ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ಮಹಾರಾಜರನ್ನ ಒಬ್ಬರು ಅಂತ ಎಣಸಾಕ ಬರ್ತೈತೇನ್ರಿ?"

ಇದಕ್ಕೆ ಉತ್ತರ ಕೋಡಿನಲ್ಲಿ ಇತ್ತು. ಆ ಭಾಗಾಕಾರದ ಸಾಲಿನ ಪಕ್ಕದಲ್ಲಿ ಹೋದ ವರ್ಷ ನಾನೇ ಒಂದು ಟಿಪ್ಪಣಿ ಬರೆದಿದ್ದೆ: 'ಸೊನ್ನೆ ಮಂದಿ ಯಾರೂ ಬರುವುದಿಲ್ಲ, ನೋಡುವ ಅಗತ್ಯವಿಲ್ಲ.' ಮೂರು ಸಲ ಓದಿದಾಗಲೂ ಇದನ್ನು ಓದಿ, ಹೌದಲ್ಲ ಎಂದು ತಲೆದೂಗಿ ಮುಂದೆ ಹೋಗಿದ್ದೆ.

ತಿದ್ದಲು ಒಂದು ಸಾಲು ಸಾಕಾಯಿತು. ಆದರೆ ಬಿರಾಜದಾರರಿಗೆ ಬಾಯಿಮಾತು ಸಾಲದು. "ಲೇಖಿ ಪಾಹಿಜೆ. ಕಾರಣ ಬರದು ಕೊಡ್ರಿ, ಮ್ಯಾಲಿನವರಿಗೆ ಇವತ್ತ ಕಳಸಬೇಕು" ಎಂದರು. ನಾನು ಅದೇ ಸ್ಟೂಲಿನ ಮೇಲೆ ಕೂತು ಇಂಗ್ಲಿಷಿನಲ್ಲಿ ವರದಿ ಟೈಪು ಮಾಡಿದೆ. ಬೆರಳು ತಾನಾಗಿಯೇ ಓಡಿತು: ನಿರ್ವಾಹಕಿ ಶ್ರೀಮತಿ ಮಂಗಲಾ ಅವರು ಮಂದಿಯ ಜಾಗದಲ್ಲಿ ಅಮಾನ್ಯವಾದ ಸಂಖ್ಯೆಯನ್ನು ನಮೂದಿಸಿದ್ದರಿಂದ ವ್ಯವಸ್ಥೆ ಸ್ಥಗಿತಗೊಂಡಿತು. ನೋಡಿ, ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ನನ್ನ ಹೆಸರು ಎಲ್ಲೂ ಇಲ್ಲ, ಕಂಪನಿಯ ಮರ್ಯಾದೆ ಉಳಿಯಿತು, ಮಾಲಕರೂ ಸಂತೋಷ. ಇಷ್ಟು ಚೆಂದದ ವಾಕ್ಯ ನಾನು ಜನ್ಮದಲ್ಲಿ ಬರೆದಿರಲಿಲ್ಲ. ಮುದ್ರಿಸುವ ಗುಂಡಿಯ ಮೇಲೆ ಬೆರಳಿಟ್ಟು ಅದನ್ನು ಇನ್ನೊಮ್ಮೆ ಓದಿಕೊಂಡೆ.

ಮಾವಶಿ ಯಾತ್ರಿಕರ ಕೀಲಿಕೈ ತೆಗೆಯಲೆಂದು ನನ್ನ ಹಿಂದೆ ಬಂದು ನಿಂತರು. "ಸಾಹೇಬ್ರ, ಅದರಾಗ ನನ್ನ ಹೆಸರು ಐತೇನ್ರಿ?"

"ಛೇ, ಇಲ್ಲ ಮಾವಶಿ" ಎಂದೆ.

ಅವರು "ಹ್ಞೂಂರಿ" ಎಂದು ಕೀಲಿಕೈ ತೆಗೆದುಕೊಂಡು ಹೋದರು. ಹೇಳಿದ ಮೇಲೆ ನಿಜ ಮಾಡಬೇಕಲ್ಲ! ನಾಚಿಕೆಯಾಗಿ, ಇಡೀ ವಾಕ್ಯ ಅಳಿಸಿದೆ. ಪ್ರೋಗ್ರಾಮು ಬರೆದವನು ಸೊನ್ನೆಯನ್ನು ಪರೀಕ್ಷಿಸಿರಲಿಲ್ಲ, ಕೌಂಟರಿನವರದು ಏನೂ ತಪ್ಪಿಲ್ಲ ಎಂದು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಅಷ್ಟರಲ್ಲಿ ಮಾವಶಿ ಕಳಿಸಿದ ಚಹಾ ಬಂತು. ಮರುದಿನ ನಮ್ಮ ಮಾಲಕರು ಆ ವರದಿಯನ್ನು ನನ್ನ ಎದುರಿಗೆ ಹಿಡಿದು ಮರಾಠಿಯಲ್ಲಿ ಏನೇನು ಅಂದರೋ ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಮಾವಶಿ ಮೇಲೇ ಉಳಿದರು. ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂತು. ಮನೆಯಲ್ಲಿ ಊಟಕ್ಕೆ ಕೂತಾಗ ಸುಧಾಳಿಗೆ ಹೇಳಿದೆ: "ಒಂದು ಸುಳ್ಳು ಬರದಬಿಟ್ಟಿದ್ರ ಯಾರಿಗೂ ತಿಳೀತಿದ್ದಿಲ್ಲ. ಆದರ ಮನಸ್ಸು ಒಪ್ಪಲಿಲ್ಲ ನೋಡು." ಎರಡು ದಿನ ಬಿಟ್ಟು, ಅವಳು ಮರೆತಿರಬಹುದೆಂದು, ಮತ್ತೊಮ್ಮೆ ಹೇಳಿದೆ.

ಮುಂದಿನ ಗುರುವಾರ ಸುಮ್ಮನೆ ನೋಡಿ ಬರೋಣವೆಂದು ಹೋದೆ. ಹನ್ನೊಂದು ಹೊಡೆಯಿತು. ಯಾದಿ ಟರ್ರನೆ ಹೊರಗೆ ಬಂತು: ಖೋಲಿ ಒಂದು, ಏನೂ ಕಳಿಸುವುದು ಬೇಡ. ಮಾವಶಿ ಅದನ್ನು ಕೆಳಗೆ ಕಳಿಸಿ, ಸಾಲಿನವರಿಗೆ ಒಂದು ನಿಮಿಷ ನಿಲ್ಲಿರೆಂದು ಕೈ ಮಾಡಿ, ನನ್ನ ಕಡೆ ತಿರುಗಿದರು.

"ಸಾಹೇಬ್ರ, ಅವತ್ತ ಮೊದಲ ನನ್ನ ಹೆಸರು ಇತ್ತಲ್ರಿ ಅದರಾಗ."

"ನಿಮಗ ಇಂಗ್ಲಿಷ್ ಬರ್ತದೇನ್ರಿ?"

"ಇಂಗ್ಲಿಷ್ ಬರೂದಿಲ್ಲರಿ. ನನ್ನ ಹೆಸರು ಗೊತ್ತಾಗತೈತಿ. ದಿನಾ ಇಷ್ಟು ಮಂದಿದು ಆಧಾರ ಕಾರ್ಡ್ ನೋಡಿ ಹೆಸರು ಹೊಡೀತೀನಿ, ನನ್ನ ಹೆಸರು ಓದಾಕ ಬರೂದಿಲ್ಲೇನ್ರಿ?"

"ಮತ್ತ ಗೊತ್ತಿದ್ದೂ ಯಾಕ ಕೇಳಿದ್ರಿ?"

"ಐತಿ ಅಂತೀರೋ ಇಲ್ಲ ಅಂತೀರೋ ನೋಡೂನು ಅಂತ. ಐತಿ ಅಂದಿದ್ರ ನಾ ಕೆಳಗ ಹೋಗೂದ ಖರೆ ಆಗ್ತಿತ್ತು. ನೀವು ಇಲ್ಲ ಅಂದ್ರಿ. ಹಂಗಾರ ಈಗ ಅಳಸ್ತಾರ ಅನಕೊಂಡು ಚಹಾ ಕಳಸಿದೆ." ಮಾವಶಿ ಸಾಲಿನ ಕಡೆ ತಿರುಗಿ, "ಬರ್ರಿ, ಎಷ್ಟು ಮಂದಿ ಅದೀರಿ?" ಎಂದು ಮುಂದಿನವರನ್ನು ಕರೆದರು.

ಮೂರು ವಾರ ಒದ್ದಾಡಿ ನಾನು ಓದಿದ್ದು ಒಂದು ಪ್ರೋಗ್ರಾಮಿನ ಹೊಟ್ಟೆಯನ್ನು. ನನ್ನ ಹೊಟ್ಟೆಯಲ್ಲಿದ್ದದ್ದನ್ನು ಅವರು ಒಂದು ಕೀಲಿಕೈ ತೆಗೆಯುವಷ್ಟರಲ್ಲಿ ಓದಿ ಮುಗಿಸಿದ್ದರು. ಈಗ ನನಗಿರುವ ಚಿಂತೆ ಒಂದೇ, ಸುಧಾ ಈ ತಿಂಗಳು ಅಕ್ಕಲಕೋಟೆಗೆ ದರ್ಶನಕ್ಕೆ ಹೋಗೋಣ, ಆ ಮಾವಶಿಯನ್ನೂ ಮಾತಾಡಿಸಿ ಬರೋಣ ಎನ್ನುತ್ತಿದ್ದಾಳೆ.